ಭಯದ ದಿವಸಗಳಲ್ಲಿ ಹಾಡಿದ ಪೌಲ್ ಗೇರ್ಹಾರ್ಟ್ ಅಯ್ಯನವರ ಚರಿತ್ರೆ



ಊರಲ್ಲಿ ರೋಗ ಹಬ್ಬಿದಾಗಲೂ, ಮಳೆ ತಪ್ಪಿ ಹೊಲಗಳು ಒಣಗಿದಾಗಲೂ, ದೂರದಿಂದ ಯುದ್ಧದ ಸುದ್ದಿ ಬಂದಾಗಲೂ ನಮ್ಮ ಸಭೆಗಳವರಲ್ಲಿ ಕೆಲವರು ಮನಸ್ಸಿನಲ್ಲಿಯೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವದುಂಟು. ಕರ್ತನನ್ನು ನಂಬಿದವರ ಮನೆಗೂ ಮರಣವು ಬರುವದಾದರೆ ನಂಬಿಕೆಯಿಂದ ಪ್ರಯೋಜನವೇನು ಎಂಬದೇ ಆ ಪ್ರಶ್ನೆ. ಇದನ್ನು ಕೇಳುವವರನ್ನು ನಾವು ಗದರಿಸಲಾರೆವು. ಕೀರ್ತನೆಗಾರರೂ ಇಂಥದನ್ನು ದೇವರ ಮುಂದೆ ಬಿಚ್ಚಿ ಹೇಳಿದ್ದಾರೆ. ಆದರೆ ವಾದದಿಂದ ಉತ್ತರ ಕೊಡುವದಕ್ಕಿಂತ, ಆ ಪ್ರಶ್ನೆಯೊಳಗೇ ತನ್ನ ಆಯುಷ್ಯವೆಲ್ಲಾ ಬದುಕಿದ ಒಬ್ಬ ದೇವಸೇವಕರ ಚರಿತ್ರೆಯನ್ನು ತಿಳಿಸುವದು ಉತ್ತಮವೆಂದು ನಮಗೆ ತೋಚುತ್ತದೆ.

ಪೌಲ್ ಗೇರ್ಹಾರ್ಟ್ ಎಂಬವರು 1607ನೆಯ ಇಸವಿ ಮಾರ್ಚಿ ತಿಂಗಳ 12ನೆಯ ತಾರೀಖಿನಲ್ಲಿ ಜರ್ಮನಿ ದೇಶದ ಸಾಕ್ಸನಿ ಸೀಮೆಯ ಗ್ರೇಫೆನ್‌ಹೈನಿಖೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಆ ಪಟ್ಟಣದ ಮುಖ್ಯಸ್ಥರಲ್ಲಿ ಒಬ್ಬನಾಗಿ, ಹೊಲಗದ್ದೆಗಳುಳ್ಳವನಾಗಿ ಮರ್ಯಾದೆಯಿಂದ ಬಾಳುತ್ತಿದ್ದನು. ಆದರೆ 1619ರಲ್ಲಿ ತಂದೆಯೂ, ಎರಡು ವರುಷಗಳಾದ ಮೇಲೆ 1621ರಲ್ಲಿ ತಾಯಿಯೂ ತೀರಿಹೋದರು. ಹೀಗೆ ಹದಿನಾಲ್ಕು ವರುಷದ ಪ್ರಾಯದಲ್ಲಿಯೇ ಪೌಲನು ಅನಾಥನಾದನು. 1622ರಲ್ಲಿ ಅವನನ್ನು ಗ್ರಿಮ್ಮ ಎಂಬ ಊರಿನ ಪ್ರಸಿದ್ಧ ಶಾಲೆಗೆ ಸೇರಿಸಿದರು. ಅಲ್ಲಿ ಐದು ವರುಷ ಕಠಿಣವಾದ ಶಿಸ್ತಿನಲ್ಲಿ ಲತೀನ್ ಭಾಷೆಯನ್ನೂ ಸತ್ಯವೇದವನ್ನೂ ಕಲಿತು, 1628ರ ಆರಂಭದಲ್ಲಿ ಮಾರ್ಟಿನ್ ಲೂಥರನ ಊರಾದ ವಿಟ್ಟೆನ್‌ಬೆರ್ಗಿನ ವಿದ್ಯಾಪೀಠದಲ್ಲಿ ದೇವಶಾಸ್ತ್ರವನ್ನು ಕಲಿಯಲಿಕ್ಕೆ ಪ್ರವೇಶಿಸಿದನು.

ಆ ಕಾಲವು ಎಂಥದೆಂಬದನ್ನು ಇಲ್ಲಿ ಹೇಳಬೇಕಾಗಿದೆ. 1618ರಲ್ಲಿ ಬೊಹೇಮಿಯ ದೇಶದಲ್ಲಿ ಮತದ ಮತ್ತು ಆಳಿಕೆಯ ವಿಷಯವಾಗಿ ಎದ್ದ ಜಗಳವು ಕಾಡುಗಿಚ್ಚಿನಂತೆ ಹಬ್ಬಿ ಮೂವತ್ತು ವರುಷಗಳ ಯುದ್ಧವಾಯಿತು. ಚಕ್ರವರ್ತಿಯ ದಂಡು, ಡೇನರ ದಂಡು, ಸ್ವೀಡನರ ದಂಡು, ಫ್ರೆಂಚರ ದಂಡು, ಹೀಗೆ ಒಂದರ ತರುವಾಯ ಒಂದು ಜರ್ಮನಿಯ ಹಳ್ಳಿಗಳ ಮೇಲೆ ಹಾದುಹೋದವು. ಸಿಪಾಯಿಗಳಿಗೆ ಸಂಬಳವು ಸರಿಯಾಗಿ ಸಿಕ್ಕದ ಕಾರಣ ಅವರು ಒಕ್ಕಲಿಗರ ಕಣಜಗಳನ್ನು ಬರಿದುಮಾಡಿ, ದನಗಳನ್ನು ಹೊಡೆದುಕೊಂಡುಹೋಗಿ, ಬಿತ್ತನೆಯ ಬೀಜವನ್ನೂ ಬಿಡದೆ ತಿಂದರು. ಮಿತ್ರರ ದಂಡು ಬಂದರೂ ಶತ್ರುಗಳ ದಂಡು ಬಂದರೂ ಬಡವನಿಗೆ ಆದ ನಷ್ಟ ಒಂದೇ. ದಂಡಿನ ಹಿಂದೆ ಹಸಿವೂ ಹಸಿವಿನ ಹಿಂದೆ ಮಹಾಮಾರಿಯೂ ಬಂದವು. ಕತ್ತಿಯಿಂದ ಸತ್ತವರಿಗಿಂತ ರೋಗದಿಂದಲೂ ಹಸಿವಿನಿಂದಲೂ ಸತ್ತವರೇ ಹೆಚ್ಚು. ಕೆಲವು ಸೀಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಇಲ್ಲದೆಹೋದರು.

ಗೇರ್ಹಾರ್ಟ್ ಅವರಿಗೆ ಹನ್ನೊಂದು ವರುಷವಾಗಿದ್ದಾಗ ಈ ಯುದ್ಧವು ಹುಟ್ಟಿತು. ಅದು ತೀರುವಾಗ ಅವರಿಗೆ ನಾಲ್ವತ್ತೊಂದು ವರುಷವಾಗಿತ್ತು. ಅವರ ಯೌವನವೆಲ್ಲಾ ಅದರಲ್ಲಿಯೇ ಕಳೆದುಹೋಯಿತು. 1637ರ ಏಪ್ರಿಲಿನಲ್ಲಿ ಸ್ವೀಡನರ ಸಿಪಾಯಿಗಳು ಗ್ರೇಫೆನ್‌ಹೈನಿಖೆನ್ ಪಟ್ಟಣಕ್ಕೆ ಬೆಂಕಿಯಿಟ್ಟರು. ತಂದೆಯ ಮನೆಯೂ ದೀಕ್ಷಾಸ್ನಾನ ಹೊಂದಿದ ದೇವಾಲಯವೂ ಸುಟ್ಟುಹೋದವು. ಅದೇ ವರುಷದ ಕೊನೆಯಲ್ಲಿ ಒಡಹುಟ್ಟಿದ ಅಣ್ಣನು ಮಹಾಮಾರಿಯಿಂದ ತೀರಿಹೋದನು. ಆ ಬೆಂಕಿಯನ್ನಿಟ್ಟ ಸಿಪಾಯಿಗಳ ರಾಜ್ಯವೂ ಲೂಥರನ ಮತವನ್ನೇ ಅನುಸರಿಸುತ್ತಿತ್ತೆಂಬದನ್ನು ನಾವು ಮರೆಯಬಾರದು. ಧರ್ಮದ ಹೆಸರಿನಿಂದ ಹಿಡಿದ ಕತ್ತಿಯು ಎಲ್ಲಿಗೆ ಮುಟ್ಟುವದೆಂದು ಇದರಿಂದ ತಿಳಿದುಕೊಳ್ಳಬಹುದು.

ಸಭೆಗಳು ಹಾಳಾದ ಆ ದೇಶದಲ್ಲಿ ಈ ವಿದ್ವಾಂಸರಿಗೆ ಬಹುಕಾಲ ಬೋಧಕರ ಉದ್ಯೋಗವೇ ದೊರೆಯಲಿಲ್ಲ. 1643ರ ಸುಮಾರಿಗೆ ಅವರು ಬೆರ್ಲಿನ್ ಪಟ್ಟಣಕ್ಕೆ ಹೋಗಿ, ಬೆರ್ಟೋಲ್ಡ್ ಎಂಬ ವಕೀಲರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರಾಗಿ ವಾಸಮಾಡಿದರು. ಲೋಕದ ದೃಷ್ಟಿಗೆ ಅವರು ಹೊಲವಿಲ್ಲದ, ಮನೆಯಿಲ್ಲದ, ಪದವಿಯಿಲ್ಲದ ಮನುಷ್ಯರು. ಆದರೆ ಆ ಮನೆಯಲ್ಲಿದ್ದುಕೊಂಡೇ ಅವರು ಗೀತೆಗಳನ್ನು ಬರೆಯುತ್ತಿದ್ದರು. ಅಲ್ಲಿಯ ಸಂತ ನಿಕೋಲಾಯ ದೇವಾಲಯದಲ್ಲಿ ಹಾಡಿಸುವವರಾಗಿದ್ದ ಯೋಹಾನ್ ಕ್ರ್ಯೂಗರ್ ಎಂಬವರು ಅವುಗಳ ಬೆಲೆಯನ್ನು ತಿಳಿದು, 1647ರಲ್ಲಿ ತಾವು ಅಚ್ಚುಹಾಕಿಸಿದ ಗೀತಪುಸ್ತಕದಲ್ಲಿ 18 ಗೀತೆಗಳನ್ನು ಸೇರಿಸಿದರು. 1653ರ ಮುದ್ರಣದಲ್ಲಿ ಅವು 80ಕ್ಕೆ ಮಿಕ್ಕಿದವು.

ಆ ಗೀತೆಗಳಲ್ಲಿ ಒಂದು ಸಾಯಂಕಾಲದ ಗೀತೆ. ಕಾಡೂ ಊರೂ ಹೊಲವೂ ಮಲಗಿದ ಹೊತ್ತಿನಲ್ಲಿ ವಿಶ್ವಾಸಿಯು ತನ್ನನ್ನು ಕರ್ತನಿಗೆ ಒಪ್ಪಿಸುವ ಹಾಡು ಅದು. ಕೋಳಿಯು ರೆಕ್ಕೆಗಳನ್ನು ಬಿಚ್ಚಿ ಮರಿಗಳನ್ನು ಮರೆಮಾಡುವಂತೆ ಯೇಸು ತನ್ನನ್ನು ಮರೆಮಾಡಲಿ ಎಂಬ ಭಾವವುಳ್ಳ ಅದರ ಒಂದು ಚರಣವನ್ನು ಜರ್ಮನಿಯ ತಾಯಂದಿರು ನೂರಾರು ವರುಷಗಳಿಂದ ಮಕ್ಕಳ ಹಾಸಿಗೆಯ ಬಳಿಯಲ್ಲಿ ಹೇಳಿಕೊಟ್ಟಿದ್ದಾರೆ. ಇನ್ನೊಂದು ಗೀತೆಯು 37ನೆಯ ಕೀರ್ತನೆಯ 5ನೆಯ ವಚನದ ಮೇಲೆ ಕಟ್ಟಲ್ಪಟ್ಟಿದೆ. ಆ ವಚನದ ಒಂದೊಂದು ಮಾತಿನಿಂದ ಒಂದೊಂದು ಚರಣವು ಆರಂಭವಾಗುವದರಿಂದ, ಗೀತೆಯನ್ನು ಬಾಯಿಪಾಠ ಮಾಡಿದವನಿಗೆ ವಚನವೂ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಮೂರನೆಯದು ಪುರಾತನವಾದ ಲತೀನ್ ಪದ್ಯದ ಆಧಾರದಿಂದ ಮಾಡಿದ ಶ್ರಮೆಯ ಗೀತೆ. ಮುಳ್ಳಿನ ಕಿರೀಟ ಧರಿಸಿದ ರಕ್ಷಕನ ಮುಖವನ್ನು ನೋಡಿ ಹಾಡುವದು. 1727ರ ಸುಮಾರಿಗೆ ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬ ಮಹಾ ಸಂಗೀತಗಾರರು ಮತ್ತಾಯನ ಸುವಾರ್ತೆಯಲ್ಲಿರುವ ಕರ್ತನ ಶ್ರಮೆಯ ವೃತ್ತಾಂತಕ್ಕೆ ರಾಗಕಟ್ಟುವಾಗ ಈ ಗೀತೆಯ ಚರಣಗಳನ್ನು ಅದರಲ್ಲಿ ಸೇರಿಸಿಕೊಂಡರು.

1648ರಲ್ಲಿ ಸಮಾಧಾನದ ಒಡಂಬಡಿಕೆಯಾಯಿತು. 1651ರ ನವೆಂಬರಿನಲ್ಲಿ ಗೇರ್ಹಾರ್ಟ್ ಅವರು ನಾಲ್ವತ್ತನಾಲ್ಕು ವರುಷ ಪ್ರಾಯದವರಾಗಿ ಬೋಧಕರ ದೀಕ್ಷೆಯನ್ನು ಹೊಂದಿ, ಮಿಟ್ಟೆನ್‌ವಾಲ್ಡೆ ಎಂಬ ಊರಿನ ಸಭೆಗೆ ಪಾಲಕರಾದರು. 1655ರಲ್ಲಿ ಆ ವಕೀಲರ ಮಗಳಾದ ಅನ್ನಾ ಮರಿಯ ಎಂಬಾಕೆಯನ್ನು ಮದುವೆಯಾದರು. ಇನ್ನಾದರೂ ಅವರ ದುಃಖದ ದಿವಸಗಳು ತೀರಿದವೆಂದು ವಾಚಕರು ನೆನಸಬಹುದು. ಹಾಗಾಗಲಿಲ್ಲ. ಮೊದಲನೆಯ ಹೆಣ್ಣುಮಗುವು 1657ರ ಜನವರಿಯಲ್ಲಿ, ವರುಷ ತುಂಬುವದಕ್ಕೆ ಮುಂಚೆಯೇ ತೀರಿಹೋಯಿತು. ಹುಟ್ಟಿದ ಐವರು ಮಕ್ಕಳಲ್ಲಿ ನಾಲ್ವರನ್ನು ಆ ತಂದೆತಾಯಿಗಳು ಮಣ್ಣಿಗೆ ಒಪ್ಪಿಸಬೇಕಾಯಿತು. ಪೌಲ್ ಫ್ರೀಡ್ರಿಖ್ ಎಂಬ ಒಬ್ಬ ಮಗನು ಮಾತ್ರ ಉಳಿದನು.

1657ರಲ್ಲಿ ಅವರು ಬೆರ್ಲಿನಿನ ಸಂತ ನಿಕೋಲಾಯ ದೇವಾಲಯದ ಬೋಧಕರಾಗಿ ಕರೆಯಲ್ಪಟ್ಟರು. ಅಲ್ಲಿ ಬೇರೊಂದು ವಿಧದ ಶೋಧನೆಯು ಬಂತು. ಬ್ರಾಂಡೆನ್‌ಬುರ್ಗಿನ ಅರಸನಾದ ಫ್ರೀಡ್ರಿಖ್ ವಿಲ್ಹೆಲ್ಮನು ಕಾಲ್ವಿನನ ಉಪದೇಶವನ್ನು ಅನುಸರಿಸುವವನು. ಅವನ ಪ್ರಜೆಗಳಲ್ಲಿ ಹೆಚ್ಚಿನವರು ಲೂಥರನ ಉಪದೇಶದವರು. ಎರಡು ಪಕ್ಷದ ಬೋಧಕರೂ ಪೀಠದ ಮೇಲೆ ನಿಂತು ಒಬ್ಬರನ್ನೊಬ್ಬರು ದೂಷಿಸಬಾರದೆಂದು ಅವನು 1664ರಲ್ಲಿ ಆಜ್ಞೆಯನ್ನು ಹೊರಡಿಸಿ, ಅದಕ್ಕೆ ರುಜು ಹಾಕಬೇಕೆಂದು ಕೇಳಿದನು. ಗೇರ್ಹಾರ್ಟ್ ಅವರು ಯಾರನ್ನೂ ಬೈಯುವ ಬೋಧಕರಾಗಿರಲಿಲ್ಲ. ಆದರೆ ರುಜು ಹಾಕಿದರೆ ದೀಕ್ಷೆಯ ದಿನದಲ್ಲಿ ಒಪ್ಪಿಕೊಂಡ ತಮ್ಮ ಸಭೆಯ ಉಪದೇಶವನ್ನು ಬಿಟ್ಟುಕೊಟ್ಟಂತಾಗುವದೆಂದು ಅವರ ಮನಸ್ಸಾಕ್ಷಿ ಹೇಳಿತು. ಆದಕಾರಣ 1666ರಲ್ಲಿ ಅವರನ್ನು ಉದ್ಯೋಗದಿಂದ ತೆಗೆದುಹಾಕಿದರು. ಪಟ್ಟಣದವರು ಅರಸನಿಗೆ ಮನವಿಗಳನ್ನು ಮಾಡಿದ್ದರಿಂದ 1667ರ ಆರಂಭದಲ್ಲಿ ತಿರಿಗಿ ಅಪ್ಪಣೆಯಾಯಿತು. ರುಜುವಿಲ್ಲದಿದ್ದರೂ ಆಜ್ಞೆಯಂತೆಯೇ ನಡೆಯುವರೆಂಬ ಭರವಸವು ಅರಸನಿಗುಂಟೆಂದು ತಿಳಿದಾಗ, ಅವರು ಆ ದಯೆಯನ್ನೂ ಸ್ವೀಕರಿಸಲಾರದೆ ಹೋದರು.

ಈ ವಿಷಯದಲ್ಲಿ ನಮ್ಮ ವಾಚಕರೆಲ್ಲರೂ ಒಂದೇ ಅಭಿಪ್ರಾಯದವರಾಗಿರಲಿಕ್ಕಿಲ್ಲ. ಸಮಾಧಾನವನ್ನು ಅಪೇಕ್ಷಿಸಿದ ಅರಸನ ಉದ್ದೇಶವೂ ಒಳ್ಳೇದೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನಲ್ಲಿ ಈ ಎರಡೂ ಪಕ್ಷದವರು ಒಂದೇ ಮೇಜಿನ ಬಳಿಯಲ್ಲಿ ಕೂತು ಕೆಲಸ ಮಾಡಿದರೆಂಬದನ್ನು ನಾವು ಬಲ್ಲೆವು. ಆದರೂ ಅನ್ನದ ಆಶೆಗಾಗಲಿ ಅರಸನ ಭಯಕ್ಕಾಗಲಿ ಮನಸ್ಸಾಕ್ಷಿಯನ್ನು ಮಾರದ ಆ ಮನುಷ್ಯರನ್ನು ನಾವು ಸನ್ಮಾನಿಸಬೇಕಾಗಿದೆ.

ಇಲ್ಲಿ ಒಂದು ಮಾತನ್ನು ತಿದ್ದಬೇಕು. ಗೇರ್ಹಾರ್ಟ್ ಅವರು ಕೆಲಸ ಕಳೆದುಕೊಂಡು ಹೆಂಡತಿಯೊಡನೆ ದಾರಿಹಿಡಿದು, ಒಂದು ಛತ್ರದಲ್ಲಿ ಆಕೆ ಅಳುವದನ್ನು ಕಂಡು, ತೋಟಕ್ಕೆ ಹೋಗಿ 37ನೆಯ ಕೀರ್ತನೆಯ ಗೀತೆಯನ್ನು ಬರೆದರೆಂದೂ, ಆ ರಾತ್ರಿಯೇ ಹೊಸ ಉದ್ಯೋಗದ ಪತ್ರವು ಬಂತೆಂದೂ ಒಂದು ಕಥೆಯುಂಟು. ಕೇಳಲಿಕ್ಕೆ ಅದು ಇಂಪಾದದ್ದು, ಆದರೆ ನಿಜವಲ್ಲ. ಆ ಗೀತೆಯು 1653ರಲ್ಲಿಯೇ ಅಚ್ಚಾಗಿತ್ತು. ಅನ್ನಾ ಮರಿಯ ಎಂಬಾಕೆಯು 1668ರ ಮಾರ್ಚಿಯಲ್ಲಿ, ಹೊಸ ಊರಿಗೆ ಹೋಗುವದಕ್ಕೆ ಮುಂಚೆ ಬೆರ್ಲಿನಿನಲ್ಲಿಯೇ ತೀರಿಹೋದಳು. ನಡೆದ ಸಂಗತಿಯು ಕಥೆಗಿಂತ ಕಠಿಣವಾದದ್ದು, ಕಥೆಗಿಂತ ಪ್ರಯೋಜನವಾದದ್ದು. ಮಕ್ಕಳ ಮರಣವೂ, ಪದಚ್ಯುತಿಯೂ, ಹೆಂಡತಿಯ ಅಗಲಿಕೆಯೂ ಬರುವದಕ್ಕೆ ಮುಂಚೆಯೇ ಅವರು ಬೇರೆಯವರ ಆದರಣೆಗಾಗಿ ಆ ಗೀತೆಯನ್ನು ಬರೆದಿದ್ದರು. ಬಳಿಕ ಅದನ್ನು ತಾವೇ ಬದುಕಿ ತೋರಿಸಬೇಕಾಯಿತು. ಬೇರೆಯವರಿಗಾಗಿ ಸುಟ್ಟ ರೊಟ್ಟಿಯಿಂದಲೇ ಅವರ ಪ್ರಾಣವು ಉಳಿಯಿತು.

1669ರಲ್ಲಿ ಅವರು ಉಳಿದ ಒಬ್ಬನೇ ಮಗನನ್ನು ಕರಕೊಂಡು ಲ್ಯುಬ್ಬೆನ್ ಎಂಬ ಚಿಕ್ಕ ಪಟ್ಟಣದ ಸಭೆಯ ಕೆಲಸಕ್ಕೆ ಹೋದರು. ಅಲ್ಲಿ ಏಳು ವರುಷ ಸೇವೆಮಾಡಿ 1676ರ ಮೇ ತಿಂಗಳ 27ನೆಯ ತಾರೀಖಿನಲ್ಲಿ ಅರವತ್ತೊಂಭತ್ತು ವರುಷ ಪ್ರಾಯದವರಾಗಿ ಕರ್ತನಲ್ಲಿ ನಿದ್ರೆಹೋದರು. ಮರಣಕ್ಕೆ ಮುಂಚೆ ಮಗನಿಗೆ ಬರೆದಿಟ್ಟ ಬುದ್ಧಿಮಾತುಗಳಲ್ಲಿ, ಆಸ್ತಿಯನ್ನು ಹೆಚ್ಚಾಗಿ ಬಿಟ್ಟುಹೋಗದಿದ್ದರೂ ನಾಚಿಕೆಪಡಬೇಕಾಗದ ಹೆಸರನ್ನು ಬಿಟ್ಟುಹೋಗುತ್ತೇನೆಂಬ ಅಭಿಪ್ರಾಯವನ್ನು ತಿಳಿಸಿದರು. ಆ ಊರಿನ ದೇವಾಲಯಕ್ಕೆ ಈಗ ಅವರ ಹೆಸರೇ ಇದೆ. ಅಲ್ಲಿರುವ ಅವರ ಚಿತ್ರದ ಕೆಳಗೆ, ಇವರು ಸೈತಾನನ ಜರಡಿಯಲ್ಲಿ ಆಡಿಸಲ್ಪಟ್ಟ ದೇವಶಾಸ್ತ್ರಿಗಳೆಂಬ ಅರ್ಥವುಳ್ಳ ಲತೀನ್ ಮಾತುಗಳು ಬರೆಯಲ್ಪಟ್ಟಿವೆ.

ಅವರ ಗೀತೆಗಳು ಅವರೊಂದಿಗೆ ಸಾಯಲಿಲ್ಲ. 1943ರಲ್ಲಿ ಹಿಟ್ಲರನ ಆಳಿಕೆಯವರು ಡೀಟ್ರಿಖ್ ಬೊನ್‌ಹೆಫರ್ ಎಂಬ ಬೋಧಕರನ್ನು ಬೆರ್ಲಿನಿನ ಸೆರೆಮನೆಯಲ್ಲಿ ಹಾಕಿದಾಗ, ಬಾಯಿಪಾಠವಾಗಿದ್ದ ಗೇರ್ಹಾರ್ಟ್ ಅವರ ಗೀತೆಗಳು ತಮಗೆ ಆಸರೆಯಾದವೆಂದು ಅವರು ಮನೆಯವರಿಗೂ ಸ್ನೇಹಿತರಿಗೂ ಪತ್ರಗಳಲ್ಲಿ ತಿಳಿಸಿದರು. 1945ರ ಏಪ್ರಿಲಿನಲ್ಲಿ ಬೊನ್‌ಹೆಫರರನ್ನು ಗಲ್ಲಿಗೆ ಹಾಕಿದರು. ಗೇರ್ಹಾರ್ಟ್ ಅವರು ನಿಂತು ಬೋಧಿಸಿದ ಸಂತ ನಿಕೋಲಾಯ ದೇವಾಲಯವೂ ಅದೇ ಯುದ್ಧದಲ್ಲಿ ಹಾಳಾಗಿ, ತರುವಾಯ ತಿರಿಗಿ ಕಟ್ಟಲ್ಪಟ್ಟಿತು. ಕಲ್ಲಿನ ಗೋಡೆಗಳು ಬಿದ್ದವು. ಹೃದಯದಲ್ಲಿ ಬರೆದ ಮಾತುಗಳನ್ನು ಬೆಂಕಿಯು ಮುಟ್ಟಲಿಲ್ಲ.

ಪ್ರಿಯರೇ, ಈ ಚರಿತ್ರೆಯಿಂದ ನಾವು ಎರಡು ಸಂಗತಿಗಳನ್ನು ಕಲಿಯಬಹುದು. ಮೊದಲನೆಯದಾಗಿ, ದೇವರು ಕೊಡುವ ಆದರಣೆಯೆಂದರೆ ಕಷ್ಟವು ನಮ್ಮ ಬಾಗಿಲಿಗೆ ಬಾರದಿರುವದಲ್ಲ. ಬಂದ ಕಷ್ಟದಲ್ಲಿ ನಾವು ಒಬ್ಬೊಂಟಿಗರಾಗದಿರುವದೇ. ಎರಡನೆಯದಾಗಿ, ಮಳೆ ಸುರಿಯುವಾಗ ಬಿತ್ತನೆಯ ಬೀಜವನ್ನು ಹುಡುಕುವ ಒಕ್ಕಲಿಗನು ತಡಮಾಡಿದವನೇ. ಭಯದ ರಾತ್ರಿಯಲ್ಲಿ ದೀಪವಿರಲಿಕ್ಕಿಲ್ಲ, ಪುಸ್ತಕವಿರಲಿಕ್ಕಿಲ್ಲ, ಬೋಧಕರೂ ಹತ್ತಿರವಿರಲಿಕ್ಕಿಲ್ಲ. ಆದದರಿಂದ ನೆಮ್ಮದಿಯ ದಿವಸಗಳಲ್ಲಿಯೇ ಸಾಯಂಕಾಲದ ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳಿಗೆ ಒಂದೊಂದು ವಚನವನ್ನೂ ಒಂದೊಂದು ಗೀತೆಯನ್ನೂ ಬಾಯಿಪಾಠ ಮಾಡಿಸೋಣ. ಓದಬಾರದ ಅಜ್ಜಿಯರೂ ಇದರಲ್ಲಿ ಹಿಂದಾಗಬೇಕಾದದ್ದಿಲ್ಲ.

ಜರಡಿಯು ಆಡುವಾಗ ಕಾಳಿಗೂ ತೌಡಿಗೂ ಒಂದೇ ವಿಧವಾದ ಪೆಟ್ಟು ಬೀಳುತ್ತದೆ. ತೌಡು ಉದುರಿಹೋಗುತ್ತದೆ, ಕಾಳು ಉಳಿಯುತ್ತದೆ. ಪೇತ್ರನ ನಂಬಿಕೆಯು ಕುಂದದಂತೆ ಬೇಡಿಕೊಂಡ ಕರ್ತನು ನಮಗಾಗಿಯೂ ಬೇಡಿಕೊಳ್ಳುತ್ತಾನೆ. ಆತನ ರೆಕ್ಕೆಗಳ ಮರೆಯಲ್ಲಿ ನಮ್ಮ ಸಭೆಗಳೂ ಮನೆಗಳೂ ಸುರಕ್ಷಿತವಾಗಿರಲಿ.