ನಾದದಾಸೋಹಿ ಪಂಚಾಕ್ಷರ ಗವಾಯಿಗಳು

ಆಗ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಹಾವೇರಿ ಜಿಲ್ಲೆಗೆ ಒಳಪಟ್ಟಿರುವ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, 1892ನೆಯ ಇಸವಿಯ ಫೆಬ್ರವರಿ 2ರಂದು, ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಸಾತ್ತ್ವಿಕ ದಂಪತಿಗಳಿಗೆ ಗದಿಗೆಯ್ಯನೆಂಬ ಪುತ್ರನು ಜನಿಸಿದನು. ಅವನಿಗೂ ಅವನ ಸಹೋದರ ಗುರುಬಸಯ್ಯನಿಗೂ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಬಡಮನೆಯ ಅಂಧ ಬಾಲಕರಿಗೆ ಅಕ್ಷರದ ಬಾಗಿಲು ಮುಚ್ಚಿದ್ದ ಕಾಲವದು. ಪರರ ಕರುಣೆಯೊಂದೇ ಅವರ ಪಾಲಿಗೆ ಉಳಿದ ಜೀವನೋಪಾಯವೆಂದು ಲೋಕವು ಭಾವಿಸಿತ್ತು.

ಆದರೆ ಆ ಸೋದರರ ಕಂಠಮಾಧುರ್ಯವು ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಮಹಾಸ್ವಾಮಿಗಳ ಕಿವಿಗೆ ಬಿದ್ದಿತು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು, ಮಕ್ಕಳನ್ನು ಹರಸಿ ಕಳುಹಿಸಿಬಿಡಲಿಲ್ಲ. ಅವರ ವಿದ್ಯಾಭ್ಯಾಸದ ಹೊಣೆಯನ್ನೇ ಹೊತ್ತರು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮುಂದೆ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಸಿಸಿ, ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಪಂಚಾಕ್ಷರ ಗವಾಯಿಗಳೆನಿಸಿದರು.

ಇಂತಹ ವಿದ್ವತ್ತಿಗೆ ಅಂದು ರಾಜಾಸ್ಥಾನಗಳಲ್ಲಿಯೂ ಶ್ರೀಮಂತರ ಸಭೆಗಳಲ್ಲಿಯೂ ಮನ್ನಣೆಯಿತ್ತು. ಗವಾಯಿಗಳು ಹಿಡಿದ ದಾರಿ ಬೇರೆ. ತಮಗೆ ದೊರೆತ ಅವಕಾಶವು ತಮ್ಮಂತಹ ಇತರರಿಗೂ ದೊರೆಯಬೇಕೆಂದು ಬಗೆದು, ಅಂಧರನ್ನೂ ಅನಾಥರನ್ನೂ ಬಡವರನ್ನೂ ಕುಲಗೋತ್ರ ವಿಚಾರಿಸದೆ ಶಿಷ್ಯರನ್ನಾಗಿ ಸ್ವೀಕರಿಸಿದರು. ಮೊದಮೊದಲು ಅವರ ಪಾಠಶಾಲೆಗೆ ಸ್ವಂತ ಸೂರಿರಲಿಲ್ಲ. ಶಿಷ್ಯಸಮೂಹದೊಡನೆ ಊರಿಂದೂರಿಗೆ ಸಂಚರಿಸುತ್ತ, ತಂಗಿದಲ್ಲಿಯೇ ಪಾಠ ಹೇಳುತ್ತ, ಭಕ್ತರು ನೀಡಿದುದರಲ್ಲಿ ಮಕ್ಕಳ ಹಸಿವನ್ನು ಹಿಂಗಿಸಬೇಕಾಗಿತ್ತು. ಶಿಷ್ಯರ ಸಂಖ್ಯೆ ಹೆಚ್ಚಿದಂತೆ ಅನ್ನದ ಚಿಂತೆಯೂ ಹೆಚ್ಚಿತು. ಆದರೂ ಬಾಗಿಲಿಗೆ ಬಂದ ಬಾಲಕನನ್ನು ಹಿಂದಿರುಗಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕಾಲಾಂತರದಲ್ಲಿ ದಾನಿಗಳಾದ ಬಸರಿಗಿಡದ ವೀರಪ್ಪನವರ ನೆರವಿನಿಂದ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಆಶ್ರಮದ ನಾಟಕ ಸಂಘವು ಒಂದೆಡೆ ತರುಣರಿಗೆ ರಂಗಶಿಕ್ಷಣವನ್ನಿತ್ತರೆ, ಇನ್ನೊಂದೆಡೆ ದಾಸೋಹಕ್ಕೂ ಆಧಾರವಾಯಿತು.

ಪುಸ್ತಕ ನೋಡಿ ಕಲಿಯಲಾಗದ ಬಾಲಕನಿಗೆ ಗುರುವಿನ ಕಂಠವೇ ಗ್ರಂಥ. ಶ್ರುತಿಯಲ್ಲಿ ಸ್ವರ ನಿಲ್ಲುವವರೆಗೆ, ತಬಲಾದ ಮೇಲೆ ಬೆರಳು ತಾನಾಗಿ ಹರಿಯುವವರೆಗೆ, ಒಂದನ್ನೇ ನೂರು ಬಾರಿ ಹೇಳಿಕೊಡುವ ತಾಳ್ಮೆ ಅಲ್ಲಿ ಬೇಕು. ಆ ತಾಳ್ಮೆಯ ಫಲವನ್ನು ನಾಡು 1936ರಲ್ಲಿ ಕಂಡಿತು. ಹಂಪೆಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ತರುಣ ಶಿಷ್ಯ ಬಸವರಾಜ ರಾಜಗುರು ಹಾಡಲು ಕುಳಿತಾಗ, ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು! ಶಿಷ್ಯನನ್ನು ಮುಂದಿರಿಸಿ ತಾವು ಪಕ್ಕಕ್ಕೆ ಸರಿದ ಆ ನಡೆಯಲ್ಲಿ ಅವರ ಶಿಕ್ಷಣತತ್ತ್ವವೆಲ್ಲ ಅಡಗಿತ್ತು.

1944ರ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಗವಾಯಿಗಳು ಲಿಂಗೈಕ್ಯರಾದರು. ನೂರಾರು ಮಕ್ಕಳ ಅನ್ನ ಮತ್ತು ವಿದ್ಯೆಗಳು ತೂಗುಯ್ಯಾಲೆಯಲ್ಲಿದ್ದ ಆ ಗಳಿಗೆಯಲ್ಲಿ ಭಾರವನ್ನು ಹೊತ್ತವರು ಮೂವತ್ತರ ಹರೆಯದ ಶಿಷ್ಯ ಪುಟ್ಟರಾಜ ಗವಾಯಿಗಳು. ಅವರೂ ಅಂಧರೇ. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಅವರು ಗುರುವಿನ ಕಾರ್ಯವನ್ನು ಮುನ್ನಡೆಸಿದರು. ಆಶ್ರಮದಲ್ಲಿ ಕಲಿತವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು. ಶ್ರಾವಣದ ಪುರಾಣ ಪ್ರವಚನಗಳಲ್ಲಿ ಗಾಯಕರೂ ತಬಲಾವಾದಕರೂ ಆದರು. ಸ್ವಂತ ದುಡಿಮೆಯ ಅನ್ನವನ್ನುಂಡು ಸಂಸಾರವನ್ನು ಸಾಕಿದರು.

ಪ್ರತಿಭೆಯು ಎಲ್ಲೆಡೆಯೂ ಹುಟ್ಟುತ್ತದೆ. ಆದರೆ ಅದನ್ನು ಕೇಳುವ ಕಿವಿ, ಕಲಿಸುವ ಗುರು, ಕಲಿಯುವಷ್ಟು ಕಾಲ ಉಣಿಸುವ ಕೈ ಈ ಮೂರೂ ಕೂಡದಿದ್ದರೆ ಹುಟ್ಟಿದಲ್ಲಿಯೇ ಬತ್ತುತ್ತದೆ. ಕುಮಾರ ಮಹಾಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಈ ಮೂರನ್ನೂ ಒದಗಿಸಿದರು. ಆ ಬಾಲಕನು ಪಡೆದುದನ್ನು ಸಹಸ್ರಮುಖವಾಗಿ ಹಂಚಿ ಋಣಮುಕ್ತನಾದನು.