ಭಟ್ಟಿ ಒಡೆಯುತ್ತಿದ್ದವನು ಕಟ್ಟಿದ ಭಟ್ಟಿ

ಡಿಸ್ಟಿಲೇಷನ್ ಕಾಲಮ್ ಅಂದ ಕೂಡಲೇ ನಮ್ಮ ಕೆಮಿಕಲ್ ಬ್ರಾಂಚಿನ ಗೆಳೆಯರಿಗೆ ಮೆಕೇಬ್-ಥೀಲ್ ಗ್ರಾಫಿನ ಮೆಟ್ಟಿಲುಗಳು ಕಣ್ಣ ಮುಂದೆ ಬರುತ್ತವೆ. ಆ ಗ್ರಾಫ್ ಹುಟ್ಟಿದ್ದು 1925ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲೇ, ಥರ್ಮೋಡೈನಮಿಕ್ಸ್ ಅನ್ನೋ ಹೆಸರೇ ಇಲ್ಲದ ಕಾಲದಲ್ಲಿ, ಕೆಲಸ ಬಿಟ್ಟ ಒಬ್ಬ ಅಬಕಾರಿ ಅಧಿಕಾರಿ ಡಬ್ಲಿನ್ನಿನಲ್ಲಿ ಎರಡು ಕಂಬಗಳನ್ನು ಪಕ್ಕಪಕ್ಕ ನಿಲ್ಲಿಸಿ, ಒಂದರ ಬಿಸಿಯಿಂದ ಇನ್ನೊಂದರ ಕೆಲಸ ಮಾಡಿಸಿದ. ಅವನ ಹೆಸರು ಈನಿಯಸ್ ಕಾಫಿ. ಹೌದು, ಕಾಫಿ. ಚಿಕ್ಕಮಗಳೂರಿನ ಕಾಫಿಗೂ ಅವನಿಗೂ ಏನೂ ಸಂಬಂಧ ಇಲ್ಲ. ಅವನ ಸಂಬಂಧ ಏನಿದ್ದರೂ ವಿಸ್ಕಿ ಜೊತೆ, ಅದೂ ಮೊದಲ ಇಪ್ಪತ್ತೈದು ವರ್ಷ ಕಳ್ಳ ವಿಸ್ಕಿ ಜೊತೆ.

ಕಾಫಿ ಹುಟ್ಟಿದ್ದು 1780ರಲ್ಲಿ. ಹತ್ತೊಂಬತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಐರ್ಲೆಂಡಿನ ಅಬಕಾರಿ ಇಲಾಖೆಗೆ ಸೇರಿದ. ಕೆಲಸ ಗೇಜರ್‌ದು. ಅಂದರೆ ಪೀಪಾಯಿಯೊಳಗೆ ಅಳತೆಕೋಲು ಇಳಿಸಿ, ಎಷ್ಟು ಗ್ಯಾಲನ್ ಇದೆ, ಎಷ್ಟು ತೆರಿಗೆ ಬರಬೇಕು ಅಂತ ಲೆಕ್ಕ ಬರೆಯೋದು. ಕೇಳೋಕೆ ಗುಮಾಸ್ತಗಿರಿ ಥರ ಇದೆ. ಆದರೆ ಆ ಕಾಲದ ಐರ್ಲೆಂಡಿನಲ್ಲಿ ಗೇಜರ್ ಊರಿಗೆ ಬಂದರೆ ನಮ್ಮ ಹಳ್ಳಿಗೆ ಜಪ್ತಿಗೆ ಬಂದ ಅಮೀನನನ್ನು ನೋಡಿದ ಹಾಗೆ ಜನ ನೋಡುತ್ತಿದ್ದರು. ಯಾಕೆ ಅನ್ನೋದು ಗೊತ್ತಾಗಬೇಕಾದರೆ ಅಲ್ಲಿನ ಮನೆ ಭಟ್ಟಿಯ ವಿಷಯ ಸ್ವಲ್ಪ ತಿಳಿಯಬೇಕು.

ಐರಿಷ್ ಜನ ಮನೆಯಲ್ಲಿ ಕಾಯಿಸಿ ಇಳಿಸುತ್ತಿದ್ದ ಹೆಂಡಕ್ಕೆ ಪೊಟೀನ್ ಅಂತ ಹೆಸರು. ಸಣ್ಣ ಮಡಕೆ ಅನ್ನೋ ಅರ್ಥದ ಪದ. ಬಾರ್ಲಿಯನ್ನು ಗೋಣಿಯಲ್ಲಿ ತುಂಬಿ ಜೌಗು ನೀರಿನಲ್ಲಿ ನೆನೆಸಿ ಮೊಳಕೆ ಬರಿಸೋದು, ಪೀಟ್ ಬೆಂಕಿಯ ಮೇಲೆ ಒಣಗಿಸೋದು, ಪುಡಿ ಮಾಡಿ ಬಿಸಿನೀರಿಗೆ ಹಾಕೋದು, ಯೀಸ್ಟ್ ಬೆರೆಸಿ ಕೆಲವು ದಿನ ಹುಳಿಯಲು ಬಿಡೋದು. ಆಮೇಲೆ ತಾಮ್ರದ್ದೋ ತಗಡಿನದ್ದೋ ಒಂದು ಪಾತ್ರೆ, ಅದರ ಬಾಯಿಂದ ಹೊರಟ ಸುರುಳಿ ಕೊಳವೆ, ಕೊಳವೆಗೆ ಹಳ್ಳದ ತಣ್ಣೀರು. ನಮ್ಮ ಕಡೆಯ ಕಳ್ಳಭಟ್ಟಿ ನೆನಪಾಯಿತಲ್ಲ? ನಮ್ಮಲ್ಲಿ ಬಾರ್ಲಿ ಬದಲು ಬೆಲ್ಲ. ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ಅಬಕಾರಿಯವರು ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ ಮಾಡಿದರು ಅಂತ, ಆ ಕೊಳೆಯೂ ಐರಿಷರ ಹುಳಿಯೂ ಕೆಲಸದಲ್ಲಿ ಒಂದೇ. ವ್ಯತ್ಯಾಸ ಇಷ್ಟೇ: ಬೆಲ್ಲದ ಸಕ್ಕರೆಯನ್ನು ಯೀಸ್ಟ್ ನೇರವಾಗಿ ತಿನ್ನುತ್ತದೆ, ಕಾಳಿನ ಪಿಷ್ಟವನ್ನು ಮೊದಲು ಸಕ್ಕರೆ ಮಾಡಿಕೊಡಬೇಕು. ಮೊಳಕೆ ಬರಿಸೋದು ಅದಕ್ಕೇ. ಮೊಳೆತ ಕಾಳಿನಲ್ಲಿ ಆ ಕೆಲಸದ ಎಂಜೈಮ್ ಹುಟ್ಟಿರುತ್ತದೆ.

ವಾಯವ್ಯದ ಡೊನೆಗಲ್ ಸೀಮೆ, ಅದರಲ್ಲೂ ಇನಿಷೋವನ್ ಅನ್ನೋ ಪರ್ಯಾಯದ್ವೀಪ, ಪೊಟೀನಿಗೆ ಹೆಸರುವಾಸಿ. ಅಲ್ಲಿನ ರೈತ ಹೆಂಡ ಕಾಯಿಸಿದ್ದು ಬರೀ ಕುಡಿಯೋ ಚಟಕ್ಕಲ್ಲ. ರಸ್ತೆ ಇಲ್ಲದ ಗುಡ್ಡಗಾಡಿನಿಂದ ಬಾರ್ಲಿ ಮೂಟೆ ಹೊತ್ತು ಪೇಟೆಗೆ ಹೋದರೆ ಸಾಗಾಟಕ್ಕೇ ದುಡ್ಡು ಸರಿಹೋಗುತ್ತಿತ್ತು. ಅದೇ ಬಾರ್ಲಿ ವಿಸ್ಕಿಯಾದರೆ ಭಾರ ಕಮ್ಮಿ, ಬೆಲೆ ಜಾಸ್ತಿ. ಜಮೀನ್ದಾರನಿಗೆ ಗೇಣಿ ಕಟ್ಟುತ್ತಿದ್ದದ್ದು ಆ ದುಡ್ಡಿನಿಂದ. ಹಾಗಾಗಿ ಎಷ್ಟೋ ಜಮೀನ್ದಾರರು ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು.

ಸರ್ಕಾರ ಮಾಡಿದ ಕಾನೂನು ಬೆಂಕಿಗೆ ತುಪ್ಪ ಸುರಿದಿತ್ತು. ಲೈಸೆನ್ಸ್ ಇದ್ದ ಭಟ್ಟಿಗಳಿಗೆ ಇಳಿಸಿದ ಹೆಂಡದ ಮೇಲೆ ತೆರಿಗೆ ಹಾಕುವ ಬದಲು, ಪಾತ್ರೆಯ ಗಾತ್ರ ನೋಡಿ, ಇಷ್ಟು ದಿನದಲ್ಲಿ ಇಷ್ಟು ಸಲ ಕಾಯಿಸಿರಲೇಬೇಕು ಅಂತ ಊಹೆ ಮಾಡಿ ತೆರಿಗೆ ಹಾಕುವ ಪದ್ಧತಿ ಬಂತು. ಇಂಜಿನಿಯರ್ ತಲೆಗೆ ಇಂಥ ಷರತ್ತು ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಊಹೆಗಿಂತ ಹೆಚ್ಚು ಸಲ ಕಾಯಿಸಿದರೆ ಆ ಹೆಚ್ಚಿನದಕ್ಕೆ ತೆರಿಗೆ ಇಲ್ಲ! ಅಗಲ ತಳದ, ಆಳ ಇಲ್ಲದ ಪಾತ್ರೆ ಮಾಡಿಸಿ, ದೊಡ್ಡ ಉರಿ ಹಾಕಿ ದಡಬಡ ಅಂತ ಇಳಿಸತೊಡಗಿದರು. ಹೆಂಡ ಸೀದು ಕೆಟ್ಟಿತು. ಅಷ್ಟು ವೇಗ ಆಗದ ಸಣ್ಣವರು ಬಾಗಿಲು ಹಾಕಿದರು. 1779ರಲ್ಲಿ ಐರ್ಲೆಂಡಿನಲ್ಲಿ 1,228 ನೋಂದಾಯಿತ ಭಟ್ಟಿಗಳಿದ್ದವು, 1790ಕ್ಕೆ 246, 1821ಕ್ಕೆ ಕೇವಲ 32. ಉಳಿದವರೆಲ್ಲ ಹೆಂಡ ಕಾಯಿಸೋದು ಬಿಟ್ಟರಾ? ಗುಡ್ಡ ಹತ್ತಿದರು ಅಷ್ಟೇ. ಲೈಸೆನ್ಸಿನ ಹೆಂಡಕ್ಕಿಂತ ಕಳ್ಳ ಹೆಂಡವೇ ರುಚಿ ಅನ್ನೋ ಮಾತು ದೇಶಕ್ಕೆಲ್ಲ ಹರಡಿತು.

ಇದರ ಮೇಲೆ ಇನ್ನೊಂದು ಕಾನೂನು. ಊರಿನ ಎಲ್ಲೆಯೊಳಗೆ ಕಳ್ಳಭಟ್ಟಿ ಸಿಕ್ಕಿದರೆ, ಯಾರದ್ದು ಅಂತ ಗೊತ್ತಾಗದಿದ್ದರೂ ಇಡೀ ಊರಿಗೆ ದಂಡ. ಕೊಡಲಾಗದವರ ದನ, ಸಾಮಾನು ಜಪ್ತಿ. ಆಗದವರ ಜಮೀನಿನಲ್ಲಿ ಹಳೇ ಪಾತ್ರೆಯ ಚೂರು ಎಸೆದು ದೂರು ಕೊಡೋ ಜಾಣರೂ ಹುಟ್ಟಿಕೊಂಡರು. ಈ ದಂಡ ವಸೂಲಿಯ ಊರುಗಳಲ್ಲೇ ಕಾಫಿ ಓಡಾಡಬೇಕಿತ್ತು.

1810ರಲ್ಲಿ ಆದದ್ದು ಇದು. ಡೊನೆಗಲ್ಲಿನಲ್ಲಿ ದಾಳಿಗೆ ಹೊರಟ ಕಾಫಿಯ ಜೊತೆ ಸೈನಿಕರ ಒಂದು ತುಕಡಿ ಇತ್ತು. ಅವನು ಅವರಿಂದ ಕೆಲವು ನೂರು ಗಜ ದೂರ ಒಬ್ಬನೇ ಹೋಗಿಬಿಟ್ಟ. ಅಷ್ಟು ಸಾಕಾಯಿತು. ಊರಿನವರು ಮುತ್ತಿದರು. ತಲೆಬುರುಡೆ ಬಿರುಕು ಬಿಟ್ಟಿತು, ಮೈಯೆಲ್ಲ ಬಾಸುಂಡೆ, ಬಯೋನೆಟ್ಟಿನ ಎರಡು ಇರಿತ. ಅದರಲ್ಲೊಂದು ತೊಡೆಯ ಈ ಕಡೆಯಿಂದ ಹೊಕ್ಕು ಆ ಕಡೆ ಬಂದಿತ್ತು. ಸೈನಿಕರು ಓಡಿ ಬಂದದ್ದಕ್ಕೆ ಜೀವ ಉಳಿಯಿತು. ಆಗ ಅವನಿಗೆ ಮೂವತ್ತು ವರ್ಷ. ಮದುವೆಯಾಗಿ ಎರಡೇ ವರ್ಷ.

ನಾವಾಗಿದ್ದರೆ ಮಾರನೇ ದಿನವೇ ರಾಜೀನಾಮೆ. ಅವನು ಬಿಡಲಿಲ್ಲ. ಡ್ರಾಹೆಡಾ, ಕ್ಲಾನ್ಮೆಲ್, ಕಾರ್ಕ್ ಅಂತ ಊರೂರಿಗೆ ವರ್ಗವಾಗುತ್ತ, ಮೇಲೇರುತ್ತ ಹೋದ. 1818ರಲ್ಲಿ ಎಡ್ವರ್ಡ್ ಚಿಚೆಸ್ಟರ್ ಎಂಬ ಪಾದ್ರಿ, ಡೊನೆಗಲ್ಲಿನ ಜನರ ಮೇಲೆ ಅಬಕಾರಿಯವರು ನಡೆಸುವ ದೌರ್ಜನ್ಯ ಎಂಥದ್ದು ಅಂತ ಒಂದು ಕಿರುಪುಸ್ತಕ ಬರೆದಾಗ, ಇಲಾಖೆಯ ಪರವಾಗಿ ಉತ್ತರ ಬರೆದವನು ಕಾಫಿಯೇ. ತಾನು ತಿಂದ ಏಟಿನ ವಿವರ ಅವನು ಬರೆದಿಟ್ಟದ್ದು ಅದರಲ್ಲೇ. ಇಬ್ಬರ ಮಾತಿನಲ್ಲಿ ಯಾರದ್ದು ಸರಿ? ನಮಗೆ ಅನ್ನಿಸೋದು, ಪಾದ್ರಿಯ ದೂರಿನಲ್ಲೂ ಸತ್ಯ ಇತ್ತು, ಕಾಫಿಯ ಗಾಯದಲ್ಲೂ ಸತ್ಯ ಇತ್ತು. ತಪ್ಪು ಇದ್ದದ್ದು ಇಬ್ಬರನ್ನೂ ಎದುರುಬದುರು ನಿಲ್ಲಿಸಿದ ಆ ತೆರಿಗೆ ಲೆಕ್ಕದಲ್ಲಿ.

ಕಾಫಿಗೂ ಅದು ಹೊಳೆದಿರಬೇಕು. ಐರ್ಲೆಂಡಿಗೆಲ್ಲ ಅಬಕಾರಿಯ ಇನ್ಸ್‌ಪೆಕ್ಟರ್ ಜನರಲ್ ಆದ ಮೇಲೆ 1820ರಿಂದ 1824ರವರೆಗೆ ಅವನು ಪಾರ್ಲಿಮೆಂಟಿನ ವಿಚಾರಣಾ ಸಮಿತಿಗಳ ಮುಂದೆ ವರದಿ ಕೊಟ್ಟ, ಸಾಕ್ಷಿ ಹೇಳಿದ. ಅವನ 1822ರ ವರದಿಯನ್ನು ಭಟ್ಟಿಯ ಮಾಲೀಕರೇ ಬೆಂಬಲಿಸಿದರು ಅಂದರೆ ನೋಡಿ. 1823ರ ಅಬಕಾರಿ ಕಾಯ್ದೆ ರೂಪಿಸುವುದರಲ್ಲೂ ಅವನ ಕೈ ಇತ್ತು. ಹತ್ತು ಪೌಂಡ್ ಲೈಸೆನ್ಸ್, ಆಮೇಲೆ ನಿಜವಾಗಿ ಇಳಿಸಿದ ಗ್ಯಾಲನ್ನಿಗೆ ಇಷ್ಟು ಅಂತ ತೆರಿಗೆ. ಊಹೆ ಲೆಕ್ಕ ಹೋಯಿತು. ನಿಧಾನವಾಗಿ, ಚೆನ್ನಾಗಿ ಕಾಯಿಸಿದರೆ ನಷ್ಟ ಅನ್ನೋ ಪರಿಸ್ಥಿತಿಯೂ ಹೋಯಿತು. ಪೊಟೀನ್ ಇದರಿಂದ ಸತ್ತುಹೋಗಲಿಲ್ಲ. ಆದರೆ ಕಾನೂನು ಪಾಲಿಸಿ ವಿಸ್ಕಿ ಮಾಡೋದು ಮತ್ತೆ ಗಿಟ್ಟತೊಡಗಿತು.

1824ರಲ್ಲಿ ಕಾಫಿ ಕೆಲಸ ಬಿಟ್ಟ. ಕಾರ್ನೋ ಬರೆದ ಉಷ್ಣಯಂತ್ರದ ಪುಸ್ತಕ ಪ್ಯಾರಿಸ್ಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಕಾಫಿ ಡಬ್ಲಿನ್ನಿನಲ್ಲಿ ತಾನೇ ಭಟ್ಟಿ ನಡೆಸಲು ಕೂತ. ಇಪ್ಪತ್ತೈದು ವರ್ಷ ಅವನು ನೋಡಿದ್ದೆಲ್ಲ ಪಾತ್ರೆಗಳೇ: ಗುಡ್ಡದ ಗುಹೆಯ ತಗಡಿನ ಪಾತ್ರೆ, ಪೇಟೆಯ ದೊಡ್ಡ ತಾಮ್ರದ ಪಾತ್ರೆ. ಎರಡರ ಕಷ್ಟವೂ ಒಂದೇ. ತುಂಬಬೇಕು, ಕಾಯಿಸಬೇಕು, ಇಳಿಸಬೇಕು, ಖಾಲಿ ಮಾಡಬೇಕು, ತೊಳೆಯಬೇಕು. ಬ್ಯಾಚ್ ಪ್ರೋಸೆಸ್. ಮೊದಲ ಸಲ ಇಳಿಸಿದ್ದರಲ್ಲಿ ನೀರೇ ಜಾಸ್ತಿ ಇರುವುದರಿಂದ ಎರಡು ಸಲ, ಐರ್ಲೆಂಡಿನಲ್ಲಿ ಎಷ್ಟೋ ಕಡೆ ಮೂರು ಸಲ ಕಾಯಿಸಬೇಕು. ಪ್ರತೀ ಸಲ ಆವಿ ತಣಿಸಲು ಹರಿಸಿದ ನೀರಿನ ಜೊತೆ ಬಿಸಿಯೆಲ್ಲ ಚರಂಡಿಗೆ.

ಬಿಡದೆ ಹರಿಯುವ ಭಟ್ಟಿಯ ಯೋಚನೆ ಮೊದಲು ಬಂದದ್ದು ಕಾಫಿಗೇ ಅಂತ ಹೇಳಿದರೆ ತಪ್ಪಾಗುತ್ತದೆ. ಫ್ರಾನ್ಸಿನಲ್ಲಿ ಸೆಲಿಯೆ-ಬ್ಲುಮೆಂಥಾಲ್, ಕಾರ್ಕ್‌ನಲ್ಲಿ ಆಂಥೊನಿ ಪೆರಿಯರ್, ಸ್ಕಾಟ್ಲೆಂಡಿನಲ್ಲಿ ರಾಬರ್ಟ್ ಸ್ಟೀನ್ ಇವರೆಲ್ಲ ಆ ದಾರಿಯಲ್ಲಿ ನಡೆದಿದ್ದರು. 1830ರಲ್ಲಿ ಪೇಟೆಂಟ್ ಆದ ಕಾಫಿಯ ಯಂತ್ರದ ಹೆಚ್ಚುಗಾರಿಕೆ ಇರೋದು ಜೋಡಣೆಯಲ್ಲಿ. ಮೊದಲ ಕಂಬಕ್ಕೆ ಅನಲೈಸರ್, ಎರಡನೆಯದಕ್ಕೆ ರೆಕ್ಟಿಫೈಯರ್ ಅಂತ ಹೆಸರು. ತಣ್ಣಗಿನ ಹುಳಿ ನೇರವಾಗಿ ಅನಲೈಸರಿಗೆ ಹೋಗೋದಿಲ್ಲ. ಮೊದಲು ರೆಕ್ಟಿಫೈಯರಿನ ಒಳಗೆ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುವ ಕೊಳವೆಯಲ್ಲಿ ಹರಿಯುತ್ತದೆ. ಸುತ್ತಲೂ ಬಿಸಿ ಆವಿ. ಆವಿ ತಣಿಯುತ್ತದೆ, ಹುಳಿ ಕಾಯುತ್ತದೆ, ಒಂದೇ ಏಟಿಗೆ ಎರಡು ಕೆಲಸ. ಹೀಗೆ ಕುದಿಯುವ ಹದಕ್ಕೆ ಬಂದ ಹುಳಿ ಅನಲೈಸರಿನ ನೆತ್ತಿಗೆ ಹೋಗಿ, ತೂತಿನ ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ. ಕೆಳಗಿನಿಂದ ಹಬೆ ಏರುತ್ತದೆ. ಪ್ರತೀ ತಟ್ಟೆಯಲ್ಲೂ ಹಬೆ ಸ್ವಲ್ಪ ಆಲ್ಕೋಹಾಲನ್ನು ಕಿತ್ತುಕೊಂಡು ಹೋಗುತ್ತದೆ. ತಳ ಮುಟ್ಟೋ ಹೊತ್ತಿಗೆ ಹುಳಿಯಲ್ಲಿ ಹೆಂಡ ಉಳಿದಿರೋದಿಲ್ಲ. ಹೊರಟ ಆವಿ ರೆಕ್ಟಿಫೈಯರಿನ ಬುಡ ಸೇರಿ, ಮತ್ತೆ ತಟ್ಟೆ ತಟ್ಟೆ ಏರುತ್ತ, ತಣಿಯುತ್ತ, ಮತ್ತೆ ಆವಿಯಾಗುತ್ತ ಗಟ್ಟಿಯಾಗುತ್ತದೆ. ಮೇಲಿನ ಒಂದು ತಟ್ಟೆಯಲ್ಲಿ ಶೇಕಡಾ 94ರ ಆಸುಪಾಸಿನ ಹೆಂಡ ಸಿಗುತ್ತದೆ. ಅರ್ಧಂಬರ್ಧ ಉಳಿದದ್ದು ಮತ್ತೆ ಅನಲೈಸರಿಗೆ.

ಕೌಂಟರ್ ಕರೆಂಟ್, ಫೀಡ್ ಪ್ರೀಹೀಟಿಂಗ್, ರೀಸೈಕಲ್, ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ಮೂರೂ ಇದರಲ್ಲಿ ಕೂತಿವೆ. ಜೊತೆಗೆ ಆವಿಯಿಂದ ಹೆಂಡದವರೆಗೆ ಎಲ್ಲ ಮುಚ್ಚಿದ ಕಂಬದೊಳಗೇ. ಯಾರು ಎಲ್ಲಿ ಚೊಂಬು ಹಿಡಿದು ಕದಿಯುತ್ತಾರೆ ಅಂತ ಇಪ್ಪತ್ತೈದು ವರ್ಷ ನೋಡಿದವನ ಕೈ ಅದರಲ್ಲಿ ಕಾಣುತ್ತದೆ.

ಡಬ್ಲಿನ್ನಿನ ದೊಡ್ಡ ಭಟ್ಟಿಗಳು ಇದನ್ನು ಬೇಡ ಅಂದವು. ಅಹಂಕಾರದಿಂದ ಅಂತ ಕೆಲವರು ಬರೆಯುತ್ತಾರೆ, ನಾವು ಅದನ್ನು ಪೂರ್ತಿ ಒಪ್ಪೋದಿಲ್ಲ. ಅವರ ವಾದದಲ್ಲಿ ಕೆಮಿಸ್ಟ್ರಿ ಇತ್ತು. ಆಲ್ಕೋಹಾಲಿಗೆ ತನ್ನದೇ ಅಂತ ಹೇಳಿಕೊಳ್ಳುವ ರುಚಿ ಕಮ್ಮಿ. ಬಾರ್ಲಿಯ ವಾಸನೆ, ಹುಳಿಯುವಾಗ ಹುಟ್ಟಿದ ಎಸ್ಟರು, ಎಣ್ಣೆಯಂಶ, ವಿಸ್ಕಿಯನ್ನು ವಿಸ್ಕಿ ಮಾಡೋದು ಇವೇ. ಪಾತ್ರೆಯ ಭಟ್ಟಿ ಸರಿಯಾಗಿ ಬೇರ್ಪಡಿಸದೆ ಇರೋದರಿಂದಲೇ ಇವೆಲ್ಲ ಜೊತೆಗೆ ಬರುತ್ತವೆ. ಕಾಫಿಯ ಕಂಬ ಚೆನ್ನಾಗಿ ಬೇರ್ಪಡಿಸುತ್ತದೆ, ಹಾಗಾಗಿ ರುಚಿಯ ಬಹುಪಾಲು ಹಿಂದೆ ಉಳಿಯುತ್ತದೆ. 1878ರಲ್ಲಿ ಡಬ್ಲಿನ್ನಿನ ಜೇಮ್ಸನ್, ಪವರ್, ರೋ ಮನೆತನದವರು ಸೇರಿ ಕಂಬದ ಹೆಂಡ ವಿಸ್ಕಿಯೇ ಅಲ್ಲ ಅಂತ ಪುಸ್ತಕವನ್ನೇ ಹೊರತಂದರು.

ಸ್ಕಾಟ್ಲೆಂಡಿನವರು ಬೇರೆ ಲೆಕ್ಕ ಹಾಕಿದರು. ಕಂಬದ ಅಗ್ಗದ ಹೆಂಡ ಇಷ್ಟು, ಪಾತ್ರೆಯ ಘಾಟು ಮಾಲ್ಟ್ ಇಷ್ಟು, ಎರಡನ್ನೂ ಬೆರೆಸಿದರೆ ಎಲ್ಲರೂ ಕುಡಿಯಬಹುದಾದ ವಿಸ್ಕಿ. ಇವತ್ತು ಲೋಕಕ್ಕೆಲ್ಲ ಗೊತ್ತಿರುವ ಬ್ಲೆಂಡೆಡ್ ಸ್ಕಾಚ್ ನಿಂತಿರೋದು ಆ ಬೆರಕೆಯ ಮೇಲೆ. 1835ರಲ್ಲಿ ಕಾಫಿ ಮತ್ತು ಮಕ್ಕಳ ಹೆಸರಿನಲ್ಲಿ ಲಂಡನ್ನಿನಲ್ಲಿ ಯಂತ್ರ ಕಟ್ಟುವ ಕಂಪನಿ ಶುರುವಾಯಿತು, 1872ರಲ್ಲಿ ಅದು ಜಾನ್ ಡೋರ್ ಎಂಬ ಫೋರ್‌ಮನ್ನಿನ ಕೈ ಸೇರಿತು. ಕಾಫಿ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಅವನ ಕಂಬದಲ್ಲಿ ಇಳಿದದ್ದಕ್ಕೆ ವಿಸ್ಕಿ ಅನ್ನಬಹುದೇ ಅನ್ನೋ ಜಗಳ ಲಂಡನ್ನಿನ ಕೋರ್ಟ್ ಹತ್ತಿ, ರಾಯಲ್ ಕಮಿಷನ್ ಕೂತು, 1909ರಲ್ಲಿ ಅನ್ನಬಹುದು ಅಂತ ತೀರ್ಮಾನವಾಯಿತು. ಐರಿಷ್ ವಿಸ್ಕಿ ಆಮೇಲೆ ಬಡವಾಗುತ್ತ ಹೋಗಿ, 1970ರ ದಶಕಕ್ಕೆ ಇಡೀ ದ್ವೀಪದಲ್ಲಿ ಉಳಿದದ್ದು ಎರಡೇ ಭಟ್ಟಿ. ಯುದ್ಧ, ಅಮೆರಿಕದ ಪಾನನಿಷೇಧ, ಬ್ರಿಟನ್ನಿನ ಜೊತೆಗಿನ ವ್ಯಾಪಾರ ಜಗಳ ಎಲ್ಲವೂ ಕಾರಣ. ಆದರೂ ಮನೆ ಬಾಗಿಲಿಗೆ ಬಂದ ಯಂತ್ರವನ್ನು ವಾಪಸ್ ಕಳಿಸಿದ್ದೂ ಒಂದು.

ನಮ್ಮ ಸೀಮೆಗೆ ಈ ಜಗಳ ಇನ್ನೊಂದು ರೂಪದಲ್ಲಿ ಬಂದಿದೆ. ಭಾರತದಲ್ಲಿ ವಿಸ್ಕಿ ಅಂತ ಮಾರಾಟವಾಗುವ ಬಾಟಲಿಗಳಲ್ಲಿ ಬಹಳಷ್ಟರ ಮೂಲ ಕಾಳಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿ. ಕಬ್ಬಿನ ಕಾಕಂಬಿಯನ್ನು ಹುಳಿಯಿಸಿ, ಕಾಫಿಯ ಕಂಬದ ಮರಿಮಕ್ಕಳಲ್ಲಿ ರುಚಿಯೆಲ್ಲ ತೆಗೆದು, ಆಮೇಲೆ ಮಾಲ್ಟ್ ಬೆರೆಸಿ ರುಚಿ ಕೊಡುತ್ತಾರೆ. ಯೂರೋಪಿನವರು ಇದಕ್ಕೆ ವಿಸ್ಕಿ ಅನ್ನಲು ಒಪ್ಪೋದಿಲ್ಲ. ಇತ್ತ ಬೆಂಗಳೂರಿನ ಅಮೃತ್‌ನವರು 2004ರಲ್ಲಿ ಬಾರ್ಲಿಯನ್ನೇ ತಾಮ್ರದ ಪಾತ್ರೆಯಲ್ಲಿ ಇಳಿಸಿದ ಸಿಂಗಲ್ ಮಾಲ್ಟನ್ನು ಸೀದಾ ಗ್ಲಾಸ್ಗೋಗೇ ತೆಗೆದುಕೊಂಡು ಹೋಗಿ ಬಿಡುಗಡೆ ಮಾಡಿದರು.

ನ್ಯೂಜಿಲೆಂಡಿನಲ್ಲಿ 1996ರಿಂದ ಸ್ವಂತಕ್ಕೆ ಮನೆಯಲ್ಲೇ ಹೆಂಡ ಇಳಿಸೋದು ಕಾನೂನುಬದ್ಧ. (ಕರ್ನಾಟಕದಲ್ಲಿ ಅಪರಾಧ, ಹಾಸ್ಟೆಲ್ ಗೆಳೆಯರು ಪ್ರೆಶರ್ ಕುಕ್ಕರ್ ಕಡೆ ನೋಡೋದು ಬೇಡ.) ಇಂಥ ಹವ್ಯಾಸಿಗಳು ಸಕ್ಕರೆ ನೀರಿಗೆ ಬೆಳಗಿನ ತಿಂಡಿಯ ಕಾರ್ನ್‌ಫ್ಲೇಕ್ಸ್ ಸುರಿಯೋದುಂಟು. ಅದರಲ್ಲಿನ ಜೋಳ ಬೆಂದಿರುತ್ತದೆ ನಿಜ, ಆದರೆ ಎಂಜೈಮ್ ಸೇರಿಸದೆ ಪಿಷ್ಟ ಸಕ್ಕರೆಯಾಗೋದಿಲ್ಲ. ಆಲ್ಕೋಹಾಲ್ ಬರೋದು ಸಕ್ಕರೆಯಿಂದಲೇ, ಕಾರ್ನ್‌ಫ್ಲೇಕ್ಸ್ ಕೊಡೋದು ವಾಸನೆ. ಡಬ್ಲಿನ್ನಿನವರ ಹಳೇ ತಕರಾರಿಗೆ ತಿಂಡಿ ಡಬ್ಬಿಯಿಂದ ಬಂದ ಉತ್ತರ ಅಂದುಕೊಳ್ಳಬಹುದು.

ಕಾಫಿ ಕಟ್ಟಿದ ಮಾದರಿಯ ಎರಡು ಕಂಬದ ಯಂತ್ರಗಳು ಈಗ ಅಪರೂಪ. ಜಪಾನಿನ ನಿಕ್ಕಾ ಕಂಪನಿ 1963ರಲ್ಲಿ ಸ್ಕಾಟ್ಲೆಂಡಿನಿಂದ ಒಂದನ್ನು ತರಿಸಿಕೊಂಡಿತು. ಹೊಸ ಯಂತ್ರಗಳಷ್ಟು ಶುದ್ಧವಾಗಿ ಬೇರ್ಪಡಿಸೋದಿಲ್ಲ, ಕಾಳಿನ ರುಚಿ ಸ್ವಲ್ಪ ಉಳಿಸುತ್ತದೆ ಅಂತಲೇ ಅವರಿಗೆ ಅದು ಇಷ್ಟ. ಆ ವಿಸ್ಕಿಯ ಬಾಟಲಿ ಮೇಲೆ ಅವನ ಹೆಸರನ್ನೇ ಅಚ್ಚು ಹಾಕುತ್ತಾರೆ. ಕೊಂಡವರಲ್ಲಿ ಕೆಲವರು ಇದರಲ್ಲಿ ಕಾಫಿಪುಡಿ ಇದೆಯಾ ಅಂತ ಕೇಳುತ್ತಾರಂತೆ.