ಹೋಟೆಲಿನಿಂದ ಯಂತ್ರಶಾಲೆಗೆ: ಜಿ. ಡಿ. ನಾಯ್ಡುರವರ ಜೀವನ

ಕಾಕ್ಕನಾಡಿನಿಂದ ಬೆಂಗಳೂರಿಗೆ ರಾತ್ರಿಯ ಬಸ್ಸಿನಲ್ಲಿ ಹೊರಡುವ ನಮ್ಮ ಬಂಧುಗಳು ಪಾಲಕ್ಕಾಡನ್ನು ಬಿಟ್ಟು ವಾಳಯಾರಿನ ಗಡಿಯನ್ನು ದಾಟುವ ಹೊತ್ತಿಗೆ ಸಾಮಾನ್ಯವಾಗಿ ನಿದ್ರೆಯಲ್ಲಿರುತ್ತಾರೆ. ಗಡಿಯಿಂದಾಚೆಗೆ ಬಸ್ಸು ಹಾಯುವುದು ಕೊಯಮತ್ತೂರಿನ ಸೀಮೆಯನ್ನು. ಆ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಹೋಟೆಲೊಂದರಲ್ಲಿ ಗಿರಾಕಿಗಳಿಗೆ ತಿಂಡಿ ತೀರ್ಥಗಳನ್ನು ಒದಗಿಸುತ್ತ ಕಾಸಿಗೆ ಕಾಸು ಕೂಡಿಸಿ, ಮುಂದೆ ಯಂತ್ರವಿದ್ಯೆಯಲ್ಲಿ ದೇಶಕ್ಕೇ ಹೆಸರಾದ ಮಹನೀಯರೊಬ್ಬರ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ. ಅವರ ಪೂರ್ಣ ಹೆಸರು ಗೋಪಾಲಸ್ವಾಮಿ ದೊರೆಸ್ವಾಮಿ ನಾಯ್ಡು. ಲೋಕವು ಅವರನ್ನು ಬಲ್ಲದ್ದು ಜಿ. ಡಿ. ನಾಯ್ಡು ಎಂಬ ಹೆಸರಿನಿಂದ. ಅವರು ಕನ್ನಡಿಗರಲ್ಲ, ತಮಿಳು ನಾಡಿನಲ್ಲಿ ನೆಲಸಿದ ತೆಲುಗು ಮನೆತನದವರು. ಆದರೆ ಹೋಟೆಲಿನ ದುಡಿಮೆಯಿಂದ ಬಾಳನ್ನು ಕಟ್ಟಿಕೊಂಡವರೆಂಬ ಕಾರಣದಿಂದ, ಪರಸ್ಥಳದಲ್ಲಿ ದುಡಿಯುವ ನಮಗೆಲ್ಲ ಅವರು ಹತ್ತಿರದವರೇ.

ಬಾಲ್ಯ ಮತ್ತು ಒಂದು ಬಯಕೆ

ಶ್ರೀ ನಾಯ್ಡುರವರು 1893ನೆಯ ಇಸವಿ ಮಾರ್ಚ್ 23ರಂದು ಕೊಯಮತ್ತೂರಿಗೆ ಸಮೀಪದ ಕಲಂಗಲ್ ಗ್ರಾಮದಲ್ಲಿ ಜನಿಸಿದರು. ತಂದೆ ಬೇಸಾಯಗಾರರು. ತಾಯಿ ಚಿಕ್ಕಂದಿನಲ್ಲಿಯೇ ತೀರಿಕೊಂಡರು. ಹುಡುಗನಿಗೆ ಶಾಲೆಯ ಪಾಠ ಹಿಡಿಸಲಿಲ್ಲ. ಪ್ರಾಥಮಿಕ ತರಗತಿಗಳಲ್ಲಿಯೇ ಓದು ನಿಂತುಹೋಯಿತು. ಮುಂದೆ ಇಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರ ಪೀಠದಲ್ಲಿ ಕುಳಿತವರು ಇವರೇ ಎಂಬುದನ್ನು ನಂಬುವುದು ಕಷ್ಟ.

ಯೌವನದ ಹೊಸ್ತಿಲಿನಲ್ಲಿದ್ದಾಗ ಅವರ ಕಣ್ಣಿಗೆ ಬಿದ್ದುದು ಬ್ರಿಟಿಷ್ ಅಧಿಕಾರಿಯೊಬ್ಬರ ಮೋಟಾರು ಸೈಕಲ್ಲು. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ತಯಾರಾದ ರಡ್ಜ್ ಎಂಬ ಬಂಡಿ ಅದು. ಎತ್ತಿನ ಗಾಡಿಯೇ ವಾಹನವಾಗಿದ್ದ ಆ ಹಳ್ಳಿಗಾಡಿನಲ್ಲಿ, ಎಳೆಯುವ ಪ್ರಾಣಿಯಿಲ್ಲದೆ ತಾನಾಗಿ ಓಡುವ ಬಂಡಿಯನ್ನು ಕಂಡು ಅನೇಕರು ಬೆರಗಾಗಿದ್ದಿರಬೇಕು. ಬೆರಗು ಕಳೆದ ಮೇಲೆ ಉಳಿದವರು ತಮ್ಮ ತಮ್ಮ ಕೆಲಸಕ್ಕೆ ಹೋದರು. ಈ ತರುಣನಿಗೆ ಮಾತ್ರ ಅದು ಹೇಗೆ ಓಡುತ್ತದೆಂಬುದನ್ನು ತಿಳಿಯದೆ ಸಮಾಧಾನವಿಲ್ಲವಾಯಿತು. ತಿಳಿಯಬೇಕಾದರೆ ಬಿಚ್ಚಬೇಕು; ಬಿಚ್ಚಬೇಕಾದರೆ ಬಂಡಿ ತನ್ನದಾಗಬೇಕು; ತನ್ನದಾಗಬೇಕಾದರೆ ಹಣ ಬೇಕು.

ಹಣಕ್ಕಾಗಿ ಅವರು ಹಿಡಿದ ದಾರಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಊರನ್ನು ಬಿಟ್ಟು ಕೊಯಮತ್ತೂರು ಪಟ್ಟಣಕ್ಕೆ ಬಂದು ಹೋಟೆಲೊಂದರಲ್ಲಿ ಮಾಣಿಯ ಕೆಲಸಕ್ಕೆ ಸೇರಿದರು. ಸುಮಾರು ಮೂರು ವರ್ಷ ದುಡಿದು, ಮುನ್ನೂರು ರೂಪಾಯಿಯಷ್ಟನ್ನು ಕೂಡಿಸಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಊರಲ್ಲಿ ಒಂದಿಷ್ಟು ನೆಲಕ್ಕೋ, ಮದುವೆಯ ಖರ್ಚಿಗೋ ಆಗಬಹುದಾಗಿದ್ದ ಆ ಹಣವನ್ನೆಲ್ಲ ತೆತ್ತು ಅವರು ಆ ಮೋಟಾರು ಸೈಕಲ್ಲನ್ನು ಕೊಂಡರು. ಕೊಂಡವರು ಅದನ್ನು ಹತ್ತಿ ಮೆರೆಯಲಿಲ್ಲ. ಒಂದೊಂದು ಭಾಗವನ್ನಾಗಿ ಬಿಚ್ಚಿ ಹರಡಿದರು, ಮತ್ತೆ ಜೋಡಿಸಿದರು.

ಬಿಚ್ಚುವುದು ಸುಲಭ, ಜೋಡಿಸುವುದು ಕಠಿನ

ಆ ಸಾಹಸದಲ್ಲಿ ಎಷ್ಟು ಅಪಾಯವಿದ್ದಿತೆಂಬುದನ್ನು ತಿಳಿಯಲು ಎಂಜಿನಿನ ಒಳಗನ್ನು ಕೊಂಚ ನೋಡಬೇಕು. ಇಂತಹ ಎಂಜಿನಿನಲ್ಲಿ ಪಿಸ್ಟನ್ನು ನಾಲ್ಕು ಬಾರಿ ಚಲಿಸಿದರೆ ಒಂದು ಆವರ್ತ ಮುಗಿಯುತ್ತದೆ. ಮೊದಲು ಕೆಳಗಿಳಿದು ಪೆಟ್ರೋಲು ಬೆರೆತ ಗಾಳಿಯನ್ನು ಸೆಳೆಯುತ್ತದೆ. ಮೇಲೇರಿ ಅದನ್ನು ಒತ್ತುತ್ತದೆ. ಕಿಡಿ ತಗುಲಿ ಉರಿದ ಅನಿಲವು ಅದನ್ನು ಕೆಳಕ್ಕೆ ನೂಕುತ್ತದೆ. ಕೊನೆಗೆ ಮತ್ತೆ ಮೇಲೇರಿ ಹೊಗೆಯನ್ನು ಹೊರದೂಡುತ್ತದೆ. ಇಷ್ಟರಲ್ಲಿ ಕ್ರ್ಯಾಂಕ್‌ಷಾಫ್ಟು ಎರಡು ಸುತ್ತು ತಿರುಗಿರುತ್ತದೆ. ಗಾಳಿಯನ್ನು ಒಳಬಿಡುವ ವಾಲ್ವೊಂದು, ಹೊಗೆಯನ್ನು ಹೊರಬಿಡುವ ವಾಲ್ವೊಂದು. ಈ ಎರಡು ಸುತ್ತುಗಳಲ್ಲಿ ಪ್ರತಿಯೊಂದೂ ಒಂದೇ ಬಾರಿ ತೆರೆಯಬೇಕು. ಅವನ್ನು ಎತ್ತುವ ಉಬ್ಬುಗಳುಳ್ಳ ಅಚ್ಚಿಗೆ ಕ್ಯಾಮ್‌ಷಾಫ್ಟು ಎಂದು ಹೆಸರು. ಅದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕಾದುದರಿಂದ, ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲುಗಳಿದ್ದರೆ ಕ್ಯಾಮಿನ ಚಕ್ರಕ್ಕೆ 40 ಇರುತ್ತವೆ.

ಎಲ್ಲ ಮರ್ಮವೂ ಈ ಎರಡು ಚಕ್ರಗಳ ಹಲ್ಲುಗಳು ಎಲ್ಲಿ ಕೂಡುತ್ತವೆಂಬುದರಲ್ಲಿದೆ. ನಮ್ಮ ಊಟದ ಪಂಕ್ತಿಯನ್ನೇ ನೆನೆಯೋಣ. ಮೊದಲ ಪಂಕ್ತಿ ಏಳುವ ಮುನ್ನವೇ ಎರಡನೆಯ ಪಂಕ್ತಿಯನ್ನು ಒಳಬಿಟ್ಟರೆ ಗೊಂದಲ. ಎಲ್ಲರೂ ಎದ್ದು ಬಹಳ ಹೊತ್ತಾದ ಮೇಲೆ ಬಿಟ್ಟರೆ ಹೊತ್ತು ವ್ಯರ್ಥ. ಒಬ್ಬರು ಏಳುತ್ತಿರುವಾಗ ಮತ್ತೊಬ್ಬರು ಬಾಗಿಲಿಗೆ ಬಂದಿದ್ದರೆ ಕೆಲಸ ಸರಾಗ. ಎಂಜಿನಿನಲ್ಲಿಯೂ ಹಾಗೆಯೇ. ಹಳೆಯ ಕಾರುಗಳ ಎಂಜಿನುಗಳಲ್ಲಿ ಒಳಬಿಡುವ ವಾಲ್ವು, ಪಿಸ್ಟನ್ನು ಮೇಲ್ತುದಿಗೆ ಬರಲು ಸುಮಾರು 10 ಡಿಗ್ರಿ ಇರುವಾಗಲೇ ತೆರೆದು, ಪಿಸ್ಟನ್ನು ಕೆಳತುದಿಯನ್ನು ದಾಟಿ ಸುಮಾರು 50 ಡಿಗ್ರಿ ಕಳೆದ ಮೇಲೆ ಮುಚ್ಚುವುದು ಸಾಮಾನ್ಯ. ಒಂದೊಂದು ಎಂಜಿನಿಗೂ ಅದರದೇ ಲೆಕ್ಕವುಂಟು. 20 ಹಲ್ಲಿನ ಚಕ್ರದಲ್ಲಿ ಒಂದೇ ಒಂದು ಹಲ್ಲು ತಪ್ಪಿದರೂ ಈ ಲೆಕ್ಕವು 18 ಡಿಗ್ರಿ ಕೆಡುತ್ತದೆ. ಆಗ ಎಂಜಿನು ಹೊರಡಲೊಲ್ಲದು. ಹೊರಟರೂ ಬಲವಿರದು, ಬೇಗ ಬಿಸಿಯೇರುವುದು. ವಾಲ್ವುಗಳು ಪಿಸ್ಟನ್ನಿನ ನೆತ್ತಿಯ ಮೇಲಿರುವ ಬಗೆಯ ಎಂಜಿನಾದರೆ, ತಪ್ಪು ಇನ್ನೂ ಹೆಚ್ಚಿದಾಗ ಪಿಸ್ಟನ್ನು ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುವುದೂ ಉಂಟು.

ಆದುದರಿಂದ ಹಳೆಯ ಕಾರಿನ ಎಂಜಿನನ್ನು ಮತ್ತೆ ಕಟ್ಟುವ ನುರಿತ ಮೆಕ್ಯಾನಿಕ್ಕು ಚಕ್ರಗಳನ್ನು ಬಿಚ್ಚುವ ಮುನ್ನವೇ ಅವುಗಳ ಮೇಲಿನ ಚುಕ್ಕೆಗಳನ್ನು ಹುಡುಕುತ್ತಾನೆ. ಇಲ್ಲದಿದ್ದರೆ ತಾನೇ ಗುರುತು ಹಾಕುತ್ತಾನೆ. ಜೋಡಿಸುವಾಗ ಮೊದಲನೆಯ ಪಿಸ್ಟನ್ನನ್ನು ಮೇಲ್ತುದಿಗೆ ತಂದು ಚುಕ್ಕೆಗೆ ಚುಕ್ಕೆಯನ್ನು ಕೂಡಿಸುತ್ತಾನೆ. ಗುರುತುಗಳು ಅಳಿಸಿಹೋಗಿದ್ದರೆ ಕ್ರ್ಯಾಂಕಿನ ತುದಿಗೆ ಡಿಗ್ರಿಗಳನ್ನು ಕೊರೆದ ಬಿಲ್ಲೆಯನ್ನು ಕಟ್ಟುತ್ತಾನೆ. ಪಿಸ್ಟನ್ನಿನ ಮೇಲ್ತುದಿಯನ್ನು ಕಣ್ಣಂದಾಜಿನಿಂದ ನಿಶ್ಚಯಿಸುವಂತಿಲ್ಲ, ಏಕೆಂದರೆ ಅಲ್ಲಿ ಕ್ರ್ಯಾಂಕು ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ನಿಂತಂತೆಯೇ ತೋರುತ್ತದೆ. ಆದ್ದರಿಂದ ಪಿಸ್ಟನ್ನಿಗೆ ಒಂದು ತಡೆಯನ್ನಿಟ್ಟು, ಈ ಕಡೆಯಿಂದೊಮ್ಮೆ ಆ ಕಡೆಯಿಂದೊಮ್ಮೆ ತಾಗಿಸಿ, ಎರಡು ಗುರುತುಗಳ ನಟ್ಟನಡುವನ್ನು ಹಿಡಿಯಬೇಕು. ವಾಲ್ವಿನ ಸಂದನ್ನು ಮೊದಲೇ ಸರಿಪಡಿಸಿಕೊಂಡಿರಬೇಕು. ಸಂದು ತಪ್ಪಿದ್ದರೆ ತೆರೆಯುವ ಹೊತ್ತನ್ನು ಅಳೆದ ಲೆಕ್ಕವೂ ತಪ್ಪುತ್ತದೆ. ಎಲ್ಲ ಮುಗಿದ ಮೇಲೂ ಕಿಡಿ ಕೊಡುವ ಮೊದಲು ಎಂಜಿನನ್ನು ಕೈಯಿಂದ ಮೆಲ್ಲನೆ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ತಾಗದಿರುವುದನ್ನು ಅರಿತುಕೊಳ್ಳಬೇಕು. ಅಡ್ಡಿ ಕಂಡರೆ ಬಲವನ್ನು ಪ್ರಯೋಗಿಸದೆ ನಿಲ್ಲಿಸಬೇಕು.

ರಡ್ಜ್ ಬಂಡಿಯ ಎಂಜಿನಿಗೆ ಒಂದೇ ಸಿಲಿಂಡರು. ಆದರೂ ಮರ್ಮ ಇದೇ. ಹೇಳಿಕೊಡುವ ಗುರುವಿಲ್ಲದೆ ಆ ತರುಣನು ಮೂರು ವರ್ಷದ ಸಂಬಳವನ್ನೆಲ್ಲ ತಿರುಪು, ಸರಳು, ಚಕ್ರಗಳ ರೂಪದಲ್ಲಿ ಎದುರಿಗೆ ಹರಡಿಕೊಂಡು ಕುಳಿತುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಜೋಡಣೆ ಕೂಡಿಬಾರದಿದ್ದರೆ ಉಳಿಯುತ್ತಿದ್ದುದು ಗುಜರಿಯ ಕಬ್ಬಿಣ. ಕೂಡಿಬಂದಿತು. ಅಂದಿನಿಂದ ಅವರು ಮಾಣಿಯಾಗಿ ಉಳಿಯಲಿಲ್ಲ, ಮೆಕ್ಯಾನಿಕ್ಕಾದರು.

ಬಸ್ಸು, ಮೋಟಾರು, ಕಾರ್ಖಾನೆ

1920ರಲ್ಲಿ ಶ್ರೀ ನಾಯ್ಡುರವರು ಕೊಯಮತ್ತೂರಿನ ಆಂಗ್ಲ ಉದ್ಯಮಿ ರಾಬರ್ಟ್ ಸ್ಟೇನ್ಸರ ನೆರವನ್ನು ಪಡೆದು ಒಂದು ಬಸ್ಸನ್ನು ಕೊಂಡು, ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸತೊಡಗಿದರು. ಆ ಒಂದು ಬಸ್ಸು ಕೆಲವೇ ವರ್ಷಗಳಲ್ಲಿ ಯು. ಎಂ. ಎಸ್. ಎಂಬ ದೊಡ್ಡ ಬಸ್ಸು ಸಂಸ್ಥೆಯಾಗಿ ಬೆಳೆಯಿತು. ಅಚ್ಚುಕಟ್ಟಿಗೆ ಆ ಸಂಸ್ಥೆ ದೇಶದಲ್ಲಿಯೇ ಹೆಸರಾಯಿತು. ಒಂದು ಎಂಜಿನಿನ ಭಾಗಗಳು ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಚಲಿಸುವುದನ್ನು ಕಂಡವರು ಬಸ್ಸುಗಳೂ ಹಾಗೆಯೇ ನಡೆಯಬೇಕೆಂದು ಎಣಿಸಿದ್ದರಲ್ಲಿ ಆಶ್ಚರ್ಯವೇನು?

1937ರಲ್ಲಿ ಕೊಯಮತ್ತೂರಿನ ಪೀಳಮೇಡಿನಲ್ಲಿದ್ದ ಅವರ ನ್ಯಾಷನಲ್ ಎಲೆಕ್ಟ್ರಿಕ್ ವರ್ಕ್ಸ್ ಕಾರ್ಖಾನೆಯಿಂದ, ನಮ್ಮ ದೇಶದಲ್ಲಿಯೇ ತಯಾರಾದ ಮೊದಲ ವಿದ್ಯುತ್ ಮೋಟಾರೆಂದು ಪ್ರಸಿದ್ಧವಾದ ಮೋಟಾರು ಹೊರಬಂದಿತು. ಅದರಲ್ಲಿ ಡಿ. ಬಾಲಸುಂದರಂ ನಾಯ್ಡುರವರ ಪಾಲೂ ಇತ್ತು. ಇಂದು ಕೊಯಮತ್ತೂರಿನ ಮೋಟಾರು ಪಂಪುಗಳು ಕೇರಳದ ಬಾವಿಗಳಲ್ಲಿಯೂ ನಮ್ಮೂರ ತೋಟಗಳಲ್ಲಿಯೂ ನೀರೆತ್ತುತ್ತಿರುವುದನ್ನು ವಾಚಕರು ಬಲ್ಲರು. ಒಣ ಬ್ಯಾಟರಿಯಿಂದ ನಡೆಯುವ ರಸಂತ್ ಎಂಬ ಕ್ಷೌರದ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಬೀಸಣಿಗೆ, ಹಣ್ಣಿನ ರಸ ತೆಗೆಯುವ ಯಂತ್ರ, ಮತವನ್ನು ದಾಖಲಿಸುವ ಯಂತ್ರ ಮೊದಲಾದವೂ ಅವರ ಬುದ್ಧಿಯಿಂದ ಹುಟ್ಟಿದವು. ಬೆಂಗಳೂರಿನಲ್ಲಿ ನೆಲಸಿದ್ದ ಸರ್ ಸಿ. ವಿ. ರಾಮನ್ನರು ಇವರ ಬಹುಮುಖ ಪ್ರತಿಭೆಯನ್ನು ಮನಸಾರೆ ಕೊಂಡಾಡಿದ್ದರು.

ಕೂಡಿಬಾರದ ಎರಡು ಕಾರ್ಯಗಳು

ಶ್ರೀ ನಾಯ್ಡುರವರು ಕೈಯಿಟ್ಟುದೆಲ್ಲವೂ ಸಫಲವಾಯಿತೆಂದು ಬರೆದರೆ ಅವರಿಗೆ ನ್ಯಾಯ ಮಾಡಿದಂತಾಗದು. 1945ರಲ್ಲಿ ಅವರ ಪ್ರಯತ್ನದಿಂದ ಕೊಯಮತ್ತೂರಿನಲ್ಲಿ ಆರ್ಥರ್ ಹೋಪ್ ಹೆಸರಿನ ಪಾಲಿಟೆಕ್ನಿಕ್ಕೂ ಇಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದವು; ಅವರೇ ಪ್ರಿನ್ಸಿಪಾಲರಾದರು. ನಾಲ್ಕು ವರ್ಷಗಳ ವ್ಯಾಸಂಗವು ಕಾಲಹರಣವೆಂದೂ, ಅಷ್ಟನ್ನೂ ಎರಡು ವರ್ಷಗಳಲ್ಲಿ ಕಲಿಸಬಹುದೆಂದೂ ಅವರ ಅಭಿಪ್ರಾಯವಾಗಿತ್ತು. ಸರಕಾರ ಒಪ್ಪಲಿಲ್ಲ, ಅವರು ಪದವಿಯನ್ನು ಬಿಟ್ಟು ಹೊರಬಂದರು. ಆ ಕಾಲೇಜು ಇಂದು ಸರಕಾರಿ ತಾಂತ್ರಿಕ ಕಾಲೇಜಾಗಿ ನಡೆಯುತ್ತಿದೆ. ಎರಡು ವರ್ಷ ಸಾಕೇ ಎಂಬುದನ್ನು ಕುರಿತು ವಾದಿಸಲು ಎಡೆಯಿದೆ. ಬಂಡಿಯೊಂದನ್ನು ಬಿಚ್ಚಿ ಜೋಡಿಸಿ ಕಲಿತವರು ಎಲ್ಲರೂ ಹಾಗೆ ಕಲಿಯಬಲ್ಲರೆಂದು ಭಾವಿಸುವುದು ಸಹಜ. ಆದರೆ ಅಂತಹ ಹಟ ಎಲ್ಲರಲ್ಲಿಯೂ ಇರುವುದಿಲ್ಲ.

ಎರಡನೆಯದು ಕಾರಿನ ಕಥೆ. 1952ರಲ್ಲಿ ಇಬ್ಬರು ಕುಳಿತುಕೊಳ್ಳಬಹುದಾದ ಪುಟ್ಟ ಪೆಟ್ರೋಲು ಕಾರೊಂದನ್ನು ಅವರು ನಿರ್ಮಿಸಿದರು. ಬೆಲೆ ಎರಡು ಸಾವಿರ ರೂಪಾಯಿ. ಗುಮಾಸ್ತನೂ ಆಸೆಪಡಬಹುದಾದ ಬೆಲೆಯದು. ಆದರೆ ತಯಾರಿಕೆಗೆ ಸರಕಾರದ ಲೈಸೆನ್ಸು ದೊರೆಯಲಿಲ್ಲ. ಕಾರು ಅಲ್ಲಿಗೇ ನಿಂತಿತು. ಎಂಜಿನಿನೊಳಗಿನ ಹೊತ್ತನ್ನು ಹೊಂದಿಸಬಲ್ಲವರಿಗೂ ಹೊರಗಿನ ಲೋಕದ ಹೊತ್ತನ್ನು ಹೊಂದಿಸುವುದು ಸಾಧ್ಯವಾಗದೆ ಹೋಯಿತು. ಇದು ನಮ್ಮ ದೇಶಕ್ಕಾದ ನಷ್ಟವೆಂದೇ ನಾವು ಭಾವಿಸುತ್ತೇವೆ.

1974ರ ಜನವರಿ 4ರಂದು ಶ್ರೀ ನಾಯ್ಡುರವರು ನಿಧನರಾದರು. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅವರ ಯಂತ್ರಗಳ ಪ್ರದರ್ಶನಶಾಲೆಯಿದೆ. 2015ರಲ್ಲಿ ಅದೇ ರಸ್ತೆಯಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವೊಂದೂ ಅವರ ಮನೆತನದ ಸಂಸ್ಥೆಯಿಂದ ತೆರೆಯಿತು. 2025ರ ಅಕ್ಟೋಬರಿನಲ್ಲಿ ಆ ರಸ್ತೆಯ ಮೇಲೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ ಸಂಚಾರಕ್ಕೆ ತೆರೆದಾಗ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು. ಕೊಚ್ಚಿಯಿಂದ ರೈಲು ಹತ್ತಿದರೆ ಅರ್ಧ ದಿನದೊಳಗೆ ತಲಪುವ ಊರು. ವಾರದ ರಜೆಯಲ್ಲಿ ಹೋಗಿ ನೋಡಿಬರಬಹುದು.

ನಮ್ಮಲ್ಲಿ ಹಗಲೆಲ್ಲ ಮೇಜುಗಳ ನಡುವೆ ಓಡಾಡುವವರೂ, ಕಂಪೆನಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರೂ ಇದ್ದಾರೆ. ರಾತ್ರಿ ಕೋಣೆಗೆ ಮರಳಿದ ಮೇಲೆ ಉಳಿದ ಒಂದು ಗಂಟೆಯಲ್ಲಿ ಏನನ್ನಾದರೂ ಕಲಿಯಬೇಕೆಂಬ ಆಸೆ ಅವರಲ್ಲಿ ಅನೇಕರಿಗುಂಟು. ಆ ಆಸೆಯನ್ನು ಹಾಸ್ಯ ಮಾಡುವವರೂ ಉಂಟು. ಅಂತಹವರಿಗೆ ಉತ್ತರ ಹೇಳುವ ಅಗತ್ಯವಿಲ್ಲ. ಬಿಚ್ಚುವ ಮುನ್ನ ಗುರುತು ಹಾಕಿಕೊಳ್ಳಿರಿ. ಜೋಡಿಸಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿರಿ. ಅಡ್ಡಿ ಕಂಡಲ್ಲಿ ಬಲ ಹಾಕದೆ, ಬೇಸರಿಸದೆ, ಮತ್ತೆ ಮೊದಲಿನಿಂದ ಲೆಕ್ಕವನ್ನು ಹಿಡಿಯಿರಿ. ಕೊಯಮತ್ತೂರಿನ ಮಾಣಿಯೊಬ್ಬರು ಮಾಡಿದ್ದು ಇಷ್ಟನ್ನೇ.